ಎಡಗಡೆ ಪುಟ ಖಾಲಿ ಇರಲಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ, ಸೊಸೈಟಿ ಆಫೀಸಿನ ಪಕ್ಕ ಒಂದು ಸಣ್ಣ ರೂಮು ಇದೆ. ಭಾನುವಾರ ಬೆಳಿಗ್ಗೆ 10ಕ್ಕೆ ಅಲ್ಲಿ ಹನ್ನೆರಡು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನವರು. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ ಮತ್ತು ಮರಾಠಿ, ಮನೆಯಲ್ಲಿ ಕನ್ನಡ. ಕೆಲವರ ಮನೆಯಲ್ಲಿ ತುಳು. ಎರಡು ವರ್ಷದಲ್ಲಿ ಅಕ್ಷರ, ಒತ್ತಕ್ಷರ ಎಲ್ಲ ಬಂದವು. ಓದುತ್ತಾರೆ. ಆದರೆ ಬರೆಯಿರಿ ಎಂದರೆ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾರೆ.

"ಆಂಟಿ, ಎಂತ ಬರೆಯುದು?" ಎಂದು ಉಡುಪಿ ಕಡೆಯ ಹುಡುಗಿ ಕೇಳುತ್ತಾಳೆ. "ಏನ್ ಬರೀಬೇಕ್ರೀ?" ಎಂದು ವಿಜಯಪುರ ಕಡೆಯ ಹುಡುಗ. ಪ್ರಶ್ನೆ ಒಂದೇ.

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳಿಗೆ ಒಂದೊಂದು ಬರೆಯುವ ಪುಸ್ತಕ ಕೈಯಾರೆ ಹೊಲಿದು ಕೊಡೋಣ ಅಂದುಕೊಂಡೆ. ಅಂಗಡಿಯ ಗೆರೆ ಹಾಕಿದ ವಹಿ ಬೇಡ. ಅದನ್ನು ನೋಡಿದ ಕೂಡಲೇ ಮಕ್ಕಳಿಗೆ ಹೋಂವರ್ಕ್ ನೆನಪಾಗುತ್ತದೆ, ಅಲ್ವಾ? ನಮ್ಮ ಅಪ್ಪ ಹುಬ್ಬಳ್ಳಿಯಲ್ಲಿ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಅವರ ದಬ್ಬಣ ಈಗಲೂ ನನ್ನ ಹತ್ತಿರ ಇದೆ. ಹೊಲಿಯುವುದನ್ನು ಅವರ ಪಕ್ಕ ಕೂತೇ ಕಲಿತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಊರಲ್ಲೂ ಇಂಥ ತರಗತಿ ನಡೆಸುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲ ಪುಸ್ತಕ

ಮೊದಲು ಮಾದರಿಗೆ ಒಂದು ಹೊಲಿದೆ. ಝೆರಾಕ್ಸ್ ಅಂಗಡಿಯ ಎ4 ಹಾಳೆ 25 ತೆಗೆದುಕೊಂಡು ಮಧ್ಯಕ್ಕೆ ಮಡಿಸಿದೆ. ಒಟ್ಟು 100 ಪುಟ. ಇಡೀ ವರ್ಷಕ್ಕೆ ಸಾಕಾಗುತ್ತದೆ ಎಂದು ಖುಷಿಪಟ್ಟೆ.

ಆದರೆ ಪುಸ್ತಕ ಮುಚ್ಚಿಕೊಳ್ಳಲೇ ಇಲ್ಲ. ಬಾಯಿ ತೆರೆದ ಹಾಗೆ ಎದ್ದು ನಿಂತಿತು. ಅದಕ್ಕೆ ಎರಡು ಕಾರಣ. ಒಂದು, 25 ಹಾಳೆ ಒಂದರೊಳಗೊಂದು ಮಡಿಸಿದರೆ ಒಳಗಿನ ಹಾಳೆ ಹೊರಗೆ ತಳ್ಳಿಕೊಂಡು ಬರುತ್ತದೆ, ಅಂಚು ಮೆಟ್ಟಿಲಿನ ಹಾಗೆ ಆಗುತ್ತದೆ. ಎರಡನೆಯದು ಕಾಗದದ ನಾರು. ಕಾಗದ ತಯಾರಾಗುವಾಗ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತದೆ. ನಾರಿನ ಉದ್ದಕ್ಕೆ ಮಡಿಸಿದರೆ ಹಾಳೆ ಸುಲಭವಾಗಿ ಬಗ್ಗಿ ಸುಮ್ನೆ ಕೂರುತ್ತದೆ. ಅಡ್ಡಕ್ಕೆ ಮಡಿಸಿದರೆ ಹಟ ಮಾಡುತ್ತದೆ. ಅಂಗಡಿಯ ಎ4 ಹಾಳೆಯಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೆ ಇರುತ್ತದೆ. ನಾವು ಮಡಿಸುವುದು ಅಡ್ಡಕ್ಕೆ. ಗೊತ್ತಾಗಬೇಕಾದರೆ ಒಂದು ನ್ಯೂಸ್‌ಪೇಪರ್ ಹರಿದು ನೋಡಿ. ಒಂದು ಕಡೆಗೆ ಗೆರೆ ಎಳೆದ ಹಾಗೆ ನೇರ ಹರಿಯುತ್ತದೆ, ಇನ್ನೊಂದು ಕಡೆಗೆ ಓರೆಕೋರೆ.

ಹಾಗಾಗಿ ಒಂದು ಶನಿವಾರ ಲೋಕಲ್ ರೈಲು ಹಿಡಿದು ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್‌ಗೆ ಹೋದೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಕಾಗದ, ಸ್ಟೇಷನರಿಯ ಅಂಗಡಿಗಳ ಸಾಲೇ ಇದೆ. ಮ್ಯಾಪ್‌ಲಿಥೋ ಎಂಬ ಮುದ್ರಣದ ಕಾಗದದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ದೊಡ್ಡ ಶೀಟ್ ಕೊಂಡು, ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ ಬರುವ ಹಾಗೆ ಎ4 ಅಳತೆಗೆ ಕತ್ತರಿಸಿಕೊಡಿ ಎಂದೆ. ಕಟಿಂಗ್ ಮಾಡುವ ಚಾಚಾ ಒಂದು ಶೀಟ್‌ನ ಎರಡು ಅಂಚನ್ನು ಉಗುರಿನಿಂದ ಗೀರಿ ನೋಡಿದರು. ಒಂದು ಅಂಚು ಅಲೆ ಅಲೆಯಾಯಿತು, ಇನ್ನೊಂದು ನೇರ ಉಳಿಯಿತು. ಎರಡೇ ಸೆಕೆಂಡಿನಲ್ಲಿ ದಿಕ್ಕು ಹೇಳಿದರು. ಅಪ್ಪನೂ ಹೀಗೇ ನೋಡುತ್ತಿದ್ದರು.

ಹತ್ತು ಹಾಳೆಯ ಪುಸ್ತಕ

100 ಪುಟದ ಆ ಮಾದರಿಯನ್ನು ಐದನೇ ಕ್ಲಾಸಿನ ಹುಡುಗಿಗೆ ತೋರಿಸಿದ್ದೆ. "ಇಷ್ಟೂ ತುಂಬಿಸಬೇಕಾ?" ಎಂದು ಕೇಳಿದಳು. ಅವಳ ಮುಖ ನೋಡಿದಾಗಲೇ ಪುಸ್ತಕ ತೆಳ್ಳಗಿರಬೇಕು ಎಂದು ಗೊತ್ತಾಯಿತು. ಹತ್ತು ಹಾಳೆ, 40 ಪುಟ ಸಾಕು. ಒಂದು ತುಂಬಿದರೆ ಇನ್ನೊಂದು ಹೊಲಿಯೋಣ. ಮುಗಿಸಿದೆ ಎಂಬ ಸಂತೋಷ ಮಗುವಿಗೆ ಬೇಗ ಸಿಗಬೇಕು.

ಹೊಲಿಯುವ ಕ್ರಮ ಹೇಳುತ್ತೇನೆ. ಹತ್ತು ಹಾಳೆ ಎರಡೆರಡಾಗಿ ಮಡಿಸಿ, ಚಮಚದ ಹಿಂಭಾಗದಿಂದ ಮಡಿಕೆಯನ್ನು ಉಜ್ಜಿ, ಒಂದರೊಳಗೊಂದು ಸೇರಿಸಬೇಕು. ಮೇಲೆ ರಟ್ಟು. ನಾನು ಶರ್ಟ್ ಬಾಕ್ಸ್, ಹಳೆ ಕ್ಯಾಲೆಂಡರ್ ಬಳಸಿದೆ. ಬೆನ್ನಿನ ಉದ್ದ 21 ಸೆಂ.ಮೀ. ಮಧ್ಯದಲ್ಲಿ ಒಂದು ತೂತು, ಮೇಲಿನ ಮತ್ತು ಕೆಳಗಿನ ಅಂಚಿನಿಂದ 4 ಸೆಂ.ಮೀ. ಬಿಟ್ಟು ಒಂದೊಂದು. ತೂತು ಹಾಕುವಾಗ ಒಂದು ದಪ್ಪ ಹಳೆ ಪುಸ್ತಕವನ್ನು ಮಧ್ಯಕ್ಕೆ ತೆರೆದು, ಅದರ ಕಣಿವೆಯಲ್ಲಿ ನಮ್ಮ ಹಾಳೆಗಳ ಮಡಿಕೆಯನ್ನು ಕೂರಿಸಿ, ದಬ್ಬಣವನ್ನು ನೇರ ಕೆಳಗೆ ಒತ್ತಬೇಕು. ದಬ್ಬಣ ನನ್ನ ಕೈಯಲ್ಲೇ ಇತ್ತು. ಮಕ್ಕಳಿಗೆ ಮೊಂಡು ತುದಿಯ ದಪ್ಪ ಸೂಜಿ ಕೊಟ್ಟೆ.

ನೂಲು ಸುಮಾರು 60 ಸೆಂ.ಮೀ. ದಪ್ಪ ಹತ್ತಿ ನೂಲನ್ನು ಮೇಣದಬತ್ತಿಯ ಮೇಲೆ ಎರಡು ಮೂರು ಸಲ ಎಳೆದರೆ ಸಿಕ್ಕಾಗುವುದಿಲ್ಲ, ಗಂಟು ಜಾರುವುದಿಲ್ಲ. ಸೂಜಿ ಒಳಗಿನಿಂದ ಮಧ್ಯದ ತೂತಿನಲ್ಲಿ ಹೊರಗೆ ಬರಬೇಕು. ಮೇಲಿನ ತೂತಿನಲ್ಲಿ ಒಳಗೆ ಹೋಗಬೇಕು. ಒಳಗೆ ಮಧ್ಯದ ತೂತನ್ನು ದಾಟಿ ಸೀದಾ ಕೆಳಗಿನ ತೂತಿಗೆ ಹೋಗಿ ಹೊರಗೆ ಬರಬೇಕು. ಮತ್ತೆ ಮಧ್ಯದ ತೂತಿನಲ್ಲಿ ಒಳಗೆ. ಈಗ ನೂಲಿನ ಎರಡು ತುದಿಯೂ ಒಳಗೇ ಇವೆ. ನಡುವೆ ಹಾದುಹೋದ ಉದ್ದ ನೂಲಿನ ಆ ಕಡೆ ಒಂದು ತುದಿ, ಈ ಕಡೆ ಒಂದು ತುದಿ ಇಟ್ಟು ಎರಡು ಗಂಟು ಹಾಕಿದರೆ ಮುಗಿಯಿತು. ಮೂರನೇ ಕ್ಲಾಸಿನ ಮಕ್ಕಳೂ ಎರಡನೇ ಪ್ರಯತ್ನಕ್ಕೆ ಹೊಲಿದರು. ತಾನೇ ಹೊಲಿದ ಪುಸ್ತಕವನ್ನು ಮಗು ಹಿಡಿಯುವ ರೀತಿಯೇ ಬೇರೆ. ಅದಕ್ಕಾಗಿ ಒಂದು ಇಡೀ ಭಾನುವಾರ ಹೋಯಿತು. ಹೋಗಲಿ.

ಮಳೆಗಾಲ ಒಂದು ಕಾಟ ಕೊಟ್ಟಿತು. ರಟ್ಟಿನ ಹೊರಗಡೆ ಮಾತ್ರ ಬಣ್ಣದ ಕಾಗದ ಅಂಟಿಸಿದ್ದೆವು. ಎರಡು ದಿನದಲ್ಲಿ ಎಲ್ಲ ರಟ್ಟು ಹಪ್ಪಳದ ಹಾಗೆ ಬಾಗಿದವು. ಅಂಟು ಹಚ್ಚಿದಾಗ ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ಒಳಗಡೆಗೂ ಒಂದು ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮ ಆಗುತ್ತದೆ. ಆಮೇಲೆ ಅಕ್ಕಿ ಡಬ್ಬದ ಕೆಳಗೆ ಎರಡು ದಿನ ಇಟ್ಟೆ, ನೆಟ್ಟಗಾದವು. ಅಪ್ಪನ ಕಾಲದಲ್ಲಿ ಮೈದಾ ಅಂಟಿಗೆ ಹುಳ ಬರದ ಹಾಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳ ಕೈಗೆ ಕೊಡಬೇಡಿ, ಫೆವಿಕಾಲ್ ಸಾಕು.

ಹಸುವಿಗೆ ನಾಲ್ಕು ಕಾಲು

ಪುಸ್ತಕ ಸಿದ್ಧವಾಯಿತು. "ನಿಮಗೆ ಇಷ್ಟ ಬಂದದ್ದು ಬರೆಯಿರಿ" ಎಂದೆ. ಹನ್ನೆರಡರಲ್ಲಿ ಐದು ಪುಸ್ತಕದಲ್ಲಿ "ನನ್ನ ಶಾಲೆ" ಬಂತು. ಮೂರರಲ್ಲಿ ಹಸು. ಹಸು ಸಾಕು ಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಹಾಲು ಕೊಡುತ್ತದೆ. ಒಬ್ಬಳು ಏನೂ ಬರೆಯದೆ ಪುಟದ ಸುತ್ತ ಹೂವಿನ ಬಳ್ಳಿ ಬಿಡಿಸಿದ್ದಳು.

ತಪ್ಪು ನನ್ನದು. ಇಷ್ಟ ಬಂದದ್ದು ಎಂದರೆ ಮಗುವಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಬರೆದು ಮುಗಿಸಿ ಟೀಚರ್‌ಗೆ ತೋರಿಸುವ ವಿಷಯಗಳು ಮಾತ್ರ. ತನ್ನ ಮನೆಯಲ್ಲಿ, ಮೆಟ್ಟಿಲಲ್ಲಿ, ಲೋಕಲ್‌ನಲ್ಲಿ ನೋಡಿದ್ದೂ ಬರೆಯುವ ವಿಷಯ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಅರ್ಧ ಗೊತ್ತಿರುವುದನ್ನು ಅರ್ಧವೇ ಬರೆದು ಇಡಬಹುದು ಎಂದೂ ಹೇಳಿರುವುದಿಲ್ಲ.

ಅದಕ್ಕೇ ಮೂರು ಮಾತು ಹೇಳಿದೆ. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆ ಪುಟ ಖಾಲಿ ಇರಲಿ, ಆಮೇಲೆ ಬೇಕಾಗುತ್ತದೆ. ಈ ಪುಸ್ತಕಕ್ಕೆ ಕೆಂಪು ಪೆನ್ ತಾಗುವುದಿಲ್ಲ. ಕನ್ನಡದಲ್ಲಿ ಪದ ಸಿಗದಿದ್ದರೆ ತುಳು, ಮರಾಠಿ, ಹಿಂದಿ ಏನು ಬಾಯಿಗೆ ಬರುತ್ತದೋ ಅದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ.

ಕೊನೆಯ ಮಾತಿಗೆ ಒಬ್ಬ ತಾಯಿ ಬೇಸರ ಮಾಡಿಕೊಂಡರು. "ಹೀಗೆ ಮಾಡಿದರೆ ಶುದ್ಧ ಕನ್ನಡ ಬರುವುದು ಯಾವಾಗ?" ಎಂದು ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮುಂಬಯಿಯಲ್ಲಿ ಮಗುವಿನ ಬಾಯಲ್ಲಿ ಕನ್ನಡ ಉಳಿಸುವುದು ಸುಲಭವಲ್ಲ. ಆದರೆ "ಮಹಾಪ್ರಾಣ ಎಲ್ಲಿ? ಲ ಯಾಕೆ, ಳ ಯಾಕೆ?" ಎಂದು ಮೊದಲ ಸಾಲಿನಲ್ಲೇ ಹಿಡಿದರೆ ಎರಡನೇ ಸಾಲು ಹುಟ್ಟುವುದೇ ಇಲ್ಲ. ತಿದ್ದಲು ಬೇರೆ ಹಾಳೆ ಇದೆ, ಬೇರೆ ದಿನ ಇದೆ ಎಂದೆ. ಆ ಮಾತಿಗೆ ಈಗಲೂ ನಾನು ಬದ್ಧಳಾಗಿದ್ದೇನೆ.

ಇನ್ನೊಂದು ವಿಷಯ. ನಾನೂ ಒಂದು ಪುಸ್ತಕ ಹೊಲಿದುಕೊಂಡೆ. ಅವರು ಬರೆಯುವಾಗ ನಾನೂ ಬರೆದೆ, ಅವರ ಮುಂದೆಯೇ ಕಾಟು ಹೊಡೆದೆ, ಅರ್ಧಕ್ಕೆ ನಿಲ್ಲಿಸಿದೆ. ದೊಡ್ಡವರೂ ತಡಬಡಿಸುತ್ತಾರೆ ಎಂದು ನೋಡಿದ ಮೇಲೆ ಪೆನ್ಸಿಲ್ ಕಚ್ಚುವುದು ಕಡಿಮೆಯಾಯಿತು.

ಕಿವಿ ಮತ್ತು ಮನೆಯ ನಕ್ಷೆ

ಮೊದಲು ಕಿವಿಯಿಂದ ಶುರುಮಾಡಿದೆ. ಐದು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿದ್ದನ್ನೆಲ್ಲ ಬರೆಯುವುದು. ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವಿಲ್ಲ. ಗಡಗಡ, ಚಟಪಟ, ದಡಾರ್, ಪಿಸುಪಿಸು. ಮಕ್ಕಳು ಕುಕ್ಕರಿನ ಸೀಟಿ, ಲಿಫ್ಟಿನ ಬಾಗಿಲು, ಕಿಟಕಿಯ ಮೇಲಿನ ತಗಡಿನ ಸಜ್ಜೆಗೆ ಬೀಳುವ ನೀರು ಎಲ್ಲ ಬರೆದರು. "ಗುಜರಿಯವನು ಭಂಗಾರ್‌ವಾಲೇ ಎಂದು ಕೂಗುತ್ತಾನಲ್ಲ, ಅದನ್ನೂ ಬರೆಯಬಹುದಾ?" ಎಂದು ಒಬ್ಬ ಕೇಳಿದ. ಬರಿ ಎಂದೆ. ಅವನು "ಭಂಗಾಆಆರ್" ಎಂದು ಒಂದು ಸಾಲು ಪೂರ್ತಿ ದೀರ್ಘ ಎಳೆದ. ಆ ಪುಟ ಓದಿದರೆ ಗಲ್ಲಿ ಕೇಳಿಸುತ್ತದೆ.

ಮುಂದಿನ ವಾರದ ಕೆಲಸ ಬಹಳ ಚೆನ್ನಾಗಿ ಫಲ ಕೊಟ್ಟಿತು. ಮನೆಯ ನಕ್ಷೆ ಬಿಡಿಸಬೇಕು. ಅಡುಗೆಮನೆ, ಮಂಚ, ಟಿವಿ, ದೇವರ ಗೂಡು. ಆಮೇಲೆ ಏನಾದರೂ ನಡೆದ ಜಾಗದಲ್ಲಿ ಒಂದು ಗುರುತು ಹಾಕಬೇಕು. ಬಿದ್ದದ್ದು, ಜಗಳ ಆದದ್ದು, ಬಚ್ಚಿಟ್ಟದ್ದು, ಅತ್ತದ್ದು. ಒಬ್ಬ ಹುಡುಗನದು ಒಂದೇ ರೂಮಿನ ಮನೆ. "ನನ್ನ ನಕ್ಷೆ ಮುಗಿದೇ ಹೋಯ್ತು" ಎಂದು ಸಪ್ಪೆ ಮುಖ ಮಾಡಿದ. ಗುರುತು ಹಾಕಲು ಶುರುಮಾಡಿದ ಮೇಲೆ ಅವನ ಪುಟವೇ ಎಲ್ಲಕ್ಕಿಂತ ಜಾಸ್ತಿ ತುಂಬಿತು. ಹದಿನೇಳು ಗುರುತು. ಐದು ಜನ ಒಂದೇ ರೂಮಿನಲ್ಲಿದ್ದರೆ ಎಲ್ಲವೂ ಅಲ್ಲೇ ನಡೆಯುತ್ತದೆ.

ಅದರಲ್ಲಿ ಒಂದು ಗುರುತು ಮಾಳಾದ ಮೇಲೆ ಇತ್ತು. ಗೋಡೆಯ ಮೇಲುಗಡೆ ಸಾಮಾನು ಇಡುವ ಅಟ್ಟಕ್ಕೆ ಇಲ್ಲಿ ಎಲ್ಲರೂ ಮಾಳಾ ಎನ್ನುತ್ತೇವೆ. ಅವನು ಬರೆದದ್ದು ಇಷ್ಟೇ: "ಮಾಳಾದ ಮೇಲೆ ಅಪ್ಪನ ಹಳೆ ಬ್ಯಾಗ್ ಇದೆ. ಮುಟ್ಟಲು ಬಿಡುವುದಿಲ್ಲ."

ಟಿಕಳಿ

ಮೂರು ವಾರ ಹೊಸದಾಗಿ ಬರೆದದ್ದಾಯಿತು. ನಾಲ್ಕನೇ ವಾರ ಹೊಸದು ಬೇಡ ಎಂದೆ. ಬರೆದದ್ದನ್ನು ಮೊದಲ ಪುಟದಿಂದ ಮೆಲ್ಲಗೆ ಓದಿ. ಎಲ್ಲಿ ಇನ್ನೂ ಹೇಳುವುದು ಇದೆ ಅನ್ನಿಸುತ್ತದೋ ಅಲ್ಲಿ ಒಂದು ಟಿಕಳಿ ಅಂಟಿಸಿ. ಹಣೆಗೆ ಇಡುವ ಟಿಕಳಿಯ ಪ್ಯಾಕೆಟ್ ತಂದಿದ್ದೆ. ಒಬ್ಬೊಬ್ಬರಿಗೆ ಮೂರೇ. ಹತ್ತು ಕೊಟ್ಟರೆ ಎಲ್ಲ ಕಡೆ ಅಂಟಿಸುತ್ತಾರೆ. ಮೂರು ಕೊಟ್ಟರೆ ಯೋಚಿಸುತ್ತಾರೆ.

ಉಡುಪಿ ಕಡೆಯ ಹುಡುಗಿ ತನ್ನ "ಊರಿಗೆ ಹೋದದ್ದು" ಪುಟದಲ್ಲಿ ಒಂದೇ ಪದದ ಮೇಲೆ ಅಂಟಿಸಿದ್ದಳು. ಸುರಂಗ. ಅವರು ಪ್ರತಿ ವರ್ಷ ಮೇ ತಿಂಗಳಲ್ಲಿ ಕೊಂಕಣ ರೈಲ್ವೆಯಲ್ಲಿ ಹೋಗುತ್ತಾರೆ. "ಒಂದು ಸುರಂಗ ಬಹಳ ಉದ್ದ, ಮುಗಿಯುವುದೇ ಇಲ್ಲ" ಎಂದಳು. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಇರಬೇಕು, ಅದು ಸುಮಾರು 6.5 ಕಿ.ಮೀ. ಇದೆ ಎಂದೆ. ಅವಳಿಗೆ ಕಿಲೋಮೀಟರ್ ಬೇಕಾಗಿರಲಿಲ್ಲ. "ಸುರಂಗ ಬಂದಾಗ ಕಿಟಕಿಯ ಗಾಜಿನಲ್ಲಿ ಅಜ್ಜಿ ಕಾಣುತ್ತಾರೆ. ಎದುರು ಕೂತವರನ್ನು ನಾನು ಗಾಜಿನಲ್ಲಿ ನೋಡುತ್ತೇನೆ. ಅವರಿಗೆ ಗೊತ್ತಾಗುವುದಿಲ್ಲ" ಎಂದಳು. ಎರಡು ಪುಟದ ಪ್ರಯಾಣ ಬಿಟ್ಟು ಆ ಗಾಜನ್ನೇ ಬರಿ ಎಂದೆ. ಬರೆದಳು. ರೈಲು ಹೊರಗೆ ಬಂದ ಕೂಡಲೇ ಅಜ್ಜಿ ಮಾಯವಾಗಿ ತೆಂಗಿನ ಮರ ಬರುತ್ತದೆ ಎಂದು ಕೊನೆಯ ಸಾಲು. ಒಂದು ಅಕ್ಷರವೂ ನಾನು ಹೇಳಿಕೊಟ್ಟದ್ದಲ್ಲ.

ಈಗ ಎಡಗಡೆ ಪುಟದ ಕೆಲಸ ಶುರು. ಪಕ್ಕದವರ ಜೊತೆ ಪುಸ್ತಕ ಬದಲಾಯಿಸಿಕೊಳ್ಳಬೇಕು. ಟಿಕಳಿ ಇರುವ ಪುಟ ಓದಿ ಎಡಗಡೆ ಮೂರು ಪ್ರಶ್ನೆ ಬರೆಯಬೇಕು. ಚೆನ್ನಾಗಿದೆ ಎಂದು ಬರೆಯುವ ಹಾಗಿಲ್ಲ, ತಪ್ಪು ಹುಡುಕುವ ಹಾಗಿಲ್ಲ. ತಿಳಿಯಬೇಕು ಅನ್ನಿಸಿದ್ದನ್ನು ಕೇಳಬೇಕು, ಅಷ್ಟೇ. ಮೊದಲ ಸಲ "ನಿನ್ನ ಹೆಸರೇನು?" ಎಂದೆಲ್ಲ ಬರೆದರು. ಎರಡನೇ ಸಲಕ್ಕೆ ಸರಿಹೋಯಿತು.

ಬ್ಯಾಗಿನ ಪುಟದ ಎಡಗಡೆ ಹೀಗೆ ಬಂತು: ಬ್ಯಾಗಿನಲ್ಲಿ ಏನಿದೆ? ಹಳೇದಾದರೆ ಯಾಕೆ ಬಿಸಾಡಿಲ್ಲ? ನೀನು ಅಪ್ಪನನ್ನು ಕೇಳಿದ್ದೀಯಾ?

ಕೇಳಿರಲಿಲ್ಲ. ಮುಂದಿನ ಭಾನುವಾರ ಅವನು ಓಡಿಕೊಂಡು ಬಂದ. ಬ್ಯಾಗು ಖಾಲಿಯಂತೆ. 2005ರ ಜುಲೈ 26ರ ಮಳೆಯಲ್ಲಿ ಅಪ್ಪ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮುಂಬಯಿಯ ಕುರ್ಲಾದಿಂದ ರಾತ್ರಿಯಿಡೀ ನಡೆದು, ಮರುದಿನ ಮನೆ ಸೇರಿದರಂತೆ. ಆಗ ಇವನು ಹುಟ್ಟಿರಲಿಲ್ಲ. ಅಪ್ಪ ಇದನ್ನು ಯಾವತ್ತೂ ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ದಾಖಲಾಯಿತು ಎಂದು ಹೇಳಿದೆ. "ಅಂದರೆ ಎಷ್ಟು?" ಎಂದ. ಒಳ್ಳೆಯ ಪ್ರಶ್ನೆ. ಟೇಪು ತಂದು ಗೋಡೆಯ ಮೇಲೆ ನೆಲದಿಂದ 94 ಸೆಂ.ಮೀ. 4 ಮಿ.ಮೀ. ಅಳೆದು ಪೆನ್ಸಿಲ್ ಗೆರೆ ಎಳೆದೆವು. ಬಿದ್ದ ನೀರು ಎಲ್ಲೂ ಹರಿಯದೆ ಬಿದ್ದಲ್ಲೇ ನಿಂತಿದ್ದರೆ ಇಷ್ಟು ಎಂದೆ. ಅವನು ಗೆರೆಯ ಪಕ್ಕ ನಿಂತ. ಅವನ ಎದೆಯವರೆಗೆ ಬಂತು. ಹನ್ನೆರಡೂ ಜನ ಸಾಲಾಗಿ ನಿಂತು ನೋಡಿದರು. ಮೂರನೇ ಕ್ಲಾಸಿನ ಚಿಕ್ಕವಳಿಗೆ ಹೆಗಲ ಹತ್ತಿರ ಬಂತು. ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವನು ಹೋಗಿ ಬರೆದ: "ಮಳೆ ನನ್ನ ಎದೆಯವರೆಗೆ. ಅಪ್ಪ ನಡೆದಲ್ಲಿ ಎಲ್ಲಿಯವರೆಗೆ ಇತ್ತು? ಕೇಳಬೇಕು."

ಬಾಲ

ಇಲ್ಲಿ ಮತ್ತೆ ರಿಪೇರಿ ಕೆಲಸ ಬಂತು. ಅವನ ಎಡಪುಟ ತುಂಬಿಹೋಯಿತು. ಮುಂದಿನ ಬಲಪುಟದಲ್ಲಿ ಆಗಲೇ ಬೇರೇನೋ ಬರೆದಾಗಿತ್ತು. ಮಧ್ಯಕ್ಕೆ ಹಾಳೆ ಸೇರಿಸೋಣ ಎಂದರೆ ಈ ಹೊಲಿಗೆಯಲ್ಲಿ ನೂಲು ಬಿಚ್ಚಬೇಕು, ನಟ್ಟನಡುವೆ ಬಿಟ್ಟು ಬೇರೆಲ್ಲಿ ಸೇರಿಸಿದರೂ ಹಾಳೆಯ ಇನ್ನರ್ಧ ಪುಸ್ತಕದ ಇನ್ನೊಂದು ಕಡೆ ಬರುತ್ತದೆ. ಅವನಿಗೆ ಬೇಕಾದದ್ದು ಒಂಬತ್ತನೇ ಪುಟದ ಹತ್ತಿರ.

ಅಪ್ಪ ಲೆಡ್ಜರ್ ಪುಸ್ತಕಗಳಿಗೆ ಮಾಡುತ್ತಿದ್ದ ಒಂದು ಉಪಾಯ ನೆನಪಾಯಿತು. 13 ಸೆಂ.ಮೀ. ಅಗಲದ ಹಾಳೆ ಕತ್ತರಿಸಿ, ಒಂದು ಅಂಚಿಗೆ 1 ಸೆಂ.ಮೀ. ಅಂಟು ಹಚ್ಚಿ, ಪುಟದ ಹೊರ ಅಂಚಿಗೆ ಅಂಟಿಸುವುದು. ಒಣಗಿದ ಮೇಲೆ ಒಳಗೆ ಮಡಿಸಿದರೆ ಪುಟದೊಳಗೆ ಅಡಗುತ್ತದೆ, ಬಿಚ್ಚಿದರೆ ರೆಕ್ಕೆಯ ಹಾಗೆ ಹೊರಗೆ ಬರುತ್ತದೆ. ಅದಕ್ಕೆ ಇನ್ನೊಂದು ಅಂಟಿಸಬಹುದು. ಪುಟಕ್ಕಿಂತ ಅಗಲ ಸ್ವಲ್ಪ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಮಡಿಸಿದಾಗ ಬೆನ್ನಿಗೆ ತಾಗಿ ಸುಕ್ಕಾಗುತ್ತದೆ. ಅಂಟು ಹಸಿ ಇದ್ದಾಗ ಮುಚ್ಚಬೇಡಿ. ಒಬ್ಬಳು ಮುಚ್ಚಿ ಎರಡು ಪುಟ ಕಚ್ಚಿಕೊಂಡವು, ಬಿಡಿಸುವಾಗ ಒಂದು ಒಳ್ಳೆಯ ಸಾಲು ಹರಿದುಹೋಯಿತು. ಅವಳು ಅತ್ತಳು. ನನಗೂ ಬೇಸರವಾಯಿತು. ಈಗ ಅಂಟಿಸಿದ ಮೇಲೆ ಪುಸ್ತಕ ತೆರೆದೇ ಇಟ್ಟು ಅವಲಕ್ಕಿ ತಿನ್ನಲು ಏಳುತ್ತೇವೆ. ಅಷ್ಟರಲ್ಲಿ ಒಣಗುತ್ತದೆ.

ಮಕ್ಕಳು ಅದಕ್ಕೆ ಬಾಲ ಎಂದು ಹೆಸರಿಟ್ಟರು. "ನಂದಕ್ಕೆ ಬಾಲ ಬೇಕು" ಎಂದು ಕೇಳುತ್ತಾರೆ. ಜೂನ್‌ನಲ್ಲಿ ಎಂತ ಬರೆಯುದು ಎಂದವಳು ಸೆಪ್ಟೆಂಬರ್‌ನಲ್ಲಿ ಎರಡು ಬಾಲ ಕೇಳಿದಳು.

ಬ್ಯಾಗಿನ ಬರಹಕ್ಕೆ ನಾಲ್ಕು ಬಾಲ ಆಯಿತು. ಅದನ್ನು ಬೇರೆ ಹಾಳೆಯಲ್ಲಿ ಅವನು ಸರಿಯಾಗಿ ಬರೆದ. ಅಲ್ಲಿ ನಾವಿಬ್ಬರೂ ಕೂತು ಒತ್ತು, ದೀರ್ಘ, ಮಹಾಪ್ರಾಣ ಎಲ್ಲ ತಿದ್ದಿದೆವು. ತನ್ನ ಅಪ್ಪನ ಕಥೆ ಆದ್ದರಿಂದ ತಿದ್ದುವುದು ಅವನಿಗೆ ಭಾರ ಅನ್ನಿಸಲಿಲ್ಲ. ಅವನ ಅಪ್ಪ ಕರೆದುಕೊಂಡು ಹೋಗಲು ಬಂದ ದಿನ ಗೋಡೆಯ ಗೆರೆ ತೋರಿಸಿದ. ಅವರು ಸುಮ್ಮನೆ ನೋಡಿದರು. ಆಮೇಲೆ ಗೆರೆಗಿಂತ ಒಂದು ಗೇಣು ಮೇಲೆ ಕೈ ಇಟ್ಟು, "ಕುರ್ಲಾ ಹತ್ತಿರ ಇಲ್ಲಿ ಇತ್ತು ನೋಡು ಮಗಾ" ಎಂದರು. ಹುಡುಗ ಪೆನ್ಸಿಲ್ ಹುಡುಕಲು ಹೋದ. ಅಪ್ಪ ಕೈ ತೆಗೆಯದೆ ಹಾಗೇ ನಿಂತಿದ್ದರು.

ಈಗಿರುವ ತೊಂದರೆ ಎಂದರೆ ಬಾಲಗಳಿಂದ ಪುಸ್ತಕ ಉಬ್ಬಿ ಮತ್ತೆ ಬಾಯಿ ತೆರೆದು ನಿಲ್ಲುತ್ತಿದೆ. ಎರಡನೇ ಪುಸ್ತಕಕ್ಕೆ ಹಿಂದಿನ ರಟ್ಟಿನಲ್ಲಿ ಎರಡು ತೂತು ಹಾಕಿ ಒಂದು ಲಾಡಿ ಪೋಣಿಸುತ್ತೇನೆ. ಒಂದೂವರೆ ಸುತ್ತು ಬಂದು ಗಂಟು ಬೀಳಲು 70 ಸೆಂ.ಮೀ. ಬೇಕಾಗುತ್ತದೆ. ಹನ್ನೆರಡು ಪುಸ್ತಕಕ್ಕೆ ಎಂಟೂವರೆ ಮೀಟರ್. ಶನಿವಾರ ಸ್ಟೇಷನ್ ಹತ್ತಿರದ ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ತರಬೇಕು.